ಒಬ್ಬ ಶಾಸಕ, ಮೂರೂವರೆ ಲಕ್ಷ ಚದರ ಕಿಲೋಮೀಟರ್: ಬಾರ್ವನ್ ಕ್ಷೇತ್ರದ ಕಥೆ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ವಿಧಾನಸಭೆಗೆ 93 ಸೀಟುಗಳು. ಅದರಲ್ಲಿ ಬಾರ್ವನ್ ಅನ್ನೋ ಒಂದೇ ಕ್ಷೇತ್ರ ರಾಜ್ಯದ ಶೇ 44ರಷ್ಟು ನೆಲವನ್ನು ಹಿಡಿದು ಕೂತಿದೆ. ವಿಸ್ತೀರ್ಣ ಸುಮಾರು 3.56 ಲಕ್ಷ ಚದರ ಕಿ.ಮೀ. ನಮ್ಮ ಇಡೀ ಕರ್ನಾಟಕ 1.92 ಲಕ್ಷ. ಇಲ್ಲಿ 224 ಶಾಸಕರು ಹಂಚಿಕೊಂಡಿರುವ ನೆಲದ ಹತ್ತಿರ ಹತ್ತಿರ ಎರಡು ಪಟ್ಟಿಗೆ ಅಲ್ಲಿ ಒಬ್ಬರೇ ಶಾಸಕರು! ಮತದಾರರು ಮಾತ್ರ 60 ಸಾವಿರದ ಆಸುಪಾಸು. ಪಶ್ಚಿಮ ತುದಿಯ ಗಣಿ ಊರು ಬ್ರೋಕನ್ ಹಿಲ್‌ನಿಂದ ರಾಜಧಾನಿ ಸಿಡ್ನಿ 1,100 ಕಿ.ಮೀ.ಗೂ ಜಾಸ್ತಿ ದೂರ. ಅಲ್ಲಿನ ಗಡಿಯಾರವೂ ಸಿಡ್ನಿಯ ಮಾತು ಕೇಳುವುದಿಲ್ಲ. ಅರ್ಧ ಗಂಟೆ ಹಿಂದಿಟ್ಟು ಪಕ್ಕದ ರಾಜ್ಯದ ಅಡಿಲೇಡ್ ಸಮಯ ನೋಡುತ್ತದೆ.

ಈ ಕ್ಷೇತ್ರ ಮೊದಲಿಂದ ಇಷ್ಟು ದೊಡ್ಡದಿರಲಿಲ್ಲ. 1894ರಲ್ಲಿ ಹುಟ್ಟಿ, 1904ರಲ್ಲಿ ರದ್ದಾಗಿ, 1927ರಲ್ಲಿ ಮತ್ತೆ ಬಂತು. 1979ರವರೆಗೆ ಹಳ್ಳಿಗಾಡಿನ ಕ್ಷೇತ್ರಗಳಿಗೆ ಕಮ್ಮಿ ಮತದಾರರಿದ್ದರೂ ನಡೆಯುತ್ತಿತ್ತು. ಆಮೇಲೆ ಎಲ್ಲ ಕ್ಷೇತ್ರಕ್ಕೂ ಒಂದೇ ಲೆಕ್ಕ ಬಂತು. ಒಳನಾಡಿನಲ್ಲಿ ಜನ ಕರಗುತ್ತಾ ಹೋದಂತೆ, ಲೆಕ್ಕ ತುಂಬಿಸಲು ಗಡಿಯನ್ನೇ ಆಚೆ ತಳ್ಳಬೇಕಾಯಿತು. 2015ರಲ್ಲಿ ಮರ್ರೆ-ಡಾರ್ಲಿಂಗ್ ಕ್ಷೇತ್ರವೇ ರದ್ದಾಗಿ, ಬ್ರೋಕನ್ ಹಿಲ್ ಬಾರ್ವನ್‌ಗೆ ಸೇರಿತು. ಲೋಕಸಭೆಯ ಕ್ಷೇತ್ರ ಮರುವಿಂಗಡಣೆ ಬಗ್ಗೆ ನಾವು ಈಗ ಜಗಳವಾಡುತ್ತಿದ್ದೇವಲ್ಲ, ಜನಸಂಖ್ಯೆಯನ್ನೇ ಅಳತೆಗೋಲು ಮಾಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಇದೊಂದು ನಮೂನೆ.

ಪಕ್ಷದ ಲೆಕ್ಕ ಬಹಳ ಕಾಲ ಸಪ್ಪೆಯಾಗಿತ್ತು. 1940ರಿಂದ 1950ರವರೆಗೆ ಲೇಬರ್ ಪಕ್ಷದ ರಾಯ್ ಹೆಫರೆನ್ ಇದ್ದರು. 1950ರಲ್ಲಿ ರೈತಾಪಿ ಜನರ ಕಂಟ್ರಿ ಪಕ್ಷ ಗೆದ್ದಿತು. ಆ ಪಕ್ಷವೇ ಮುಂದೆ ನ್ಯಾಷನಲ್ಸ್ ಆಯಿತು. ಒಟ್ಟು 69 ವರ್ಷ ಸೀಟು ಅದರ ಕೈಲೇ ಇತ್ತು. ಇಲ್ಲಿಂದ ಗೆದ್ದ ವಾಲ್ ಮರ್ರೆ 1988ರಿಂದ 1993ರವರೆಗೆ ಉಪಮುಖ್ಯಮಂತ್ರಿಯೂ ಆಗಿದ್ದರು.

ಕೆಡಿಸಿದ್ದು ನೀರು. ಕ್ಷೇತ್ರಕ್ಕೆ ಹೆಸರು ಕೊಟ್ಟ ಬಾರ್ವನ್ ನದಿ ಕೆಳಗೆ ಹರಿದು ಡಾರ್ಲಿಂಗ್ ಆಗುತ್ತದೆ. ಅಲ್ಲಿನ ಮೂಲನಿವಾಸಿ ಬಾರ್ಕಿಂಜಿ ಜನರಿಗೆ ಅದು 'ಬಾಕಾ'. ಮೇಲುಭಾಗದ ವೀ ವಾ, ಬರ್ಕ್ ಸುತ್ತ ಹತ್ತಿ ಬೆಳೆಗಾರರು. ಕೆಳಭಾಗದಲ್ಲಿ ವಿಲ್ಕೇನಿಯಾ, ಮೆನಿಂಡಿ. ಮೇಲಿನವರು ಪಂಪ್ ಹಾಕಿ ಎಳೆದರೆ ಕೆಳಗಿನವರಿಗೆ ಉಳಿಯುವುದೇನು? ಕಾವೇರಿ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ. ಒಂದೇ ವ್ಯತ್ಯಾಸ: ಅಲ್ಲಿ ಎರಡೂ ಕಡೆಯವರು ಒಂದೇ ಕ್ಷೇತ್ರದ ಮತದಾರರು. ಶಾಸಕರು ಯಾರ ಪರ ನಿಲ್ಲಬೇಕು ಹೇಳಿ!

2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ ಮೆನಿಂಡಿ ಬಳಿ ಲಕ್ಷಾಂತರ ಮೀನು ಸತ್ತು ತೇಲಿದವು. ಬರ, ಬಿಸಿಲು, ಪಾಚಿ, ಎಲ್ಲಕ್ಕೂ ಮೇಲೆ ಹರಿವೇ ಇಲ್ಲದ ನದಿ. ಅದೇ ಹೊತ್ತಿಗೆ ಬ್ರೋಕನ್ ಹಿಲ್‌ಗೆ ಮರ್ರೆ ನದಿಯಿಂದ 270 ಕಿ.ಮೀ. ಪೈಪ್‌ಲೈನ್ ಹಾಕಲಾಗಿತ್ತು. ಊರಿಗೆ ನೀರು ಬಂತು, ನಿಜ. ಆದರೆ ಅಲ್ಲಿಯವರೆಗೆ ಊರಿಗೆ ನೀರು ಕೊಡುತ್ತಿದ್ದ ಮೆನಿಂಡಿ ಕೆರೆಗಳನ್ನು ಇನ್ನು ಒಣಗಲು ಬಿಡುತ್ತಾರೆ ಅನ್ನುವ ಅನುಮಾನವೂ ಜೊತೆಗೇ ಬಂತು. ಎರಡು ತಿಂಗಳ ನಂತರ, ಮಾರ್ಚ್ 23ರ ಮತದಾನದಲ್ಲಿ ಶೂಟರ್ಸ್, ಫಿಶರ್ಸ್ ಆಂಡ್ ಫಾರ್ಮರ್ಸ್ ಪಕ್ಷದ ರಾಯ್ ಬಟ್ಲರ್ ಗೆದ್ದರು. ಪಕ್ಷದ ಹೆಸರು ಕೇಳಿ ನಗು ಬರಬಹುದು. ಆದರೆ ಪಕ್ಕದ ಮರ್ರೆ ಕ್ಷೇತ್ರವನ್ನೂ ಅದೇ ಪಕ್ಷ ನ್ಯಾಷನಲ್ಸ್‌ನಿಂದ ಕಿತ್ತುಕೊಂಡಿತು.

ಇದು ಹೊಸ ಪಕ್ಷದ ಮೇಲಿನ ಪ್ರೀತಿಯಾಗಿರಲಿಲ್ಲ ಅನ್ನುವುದು ನನ್ನ ಎಣಿಕೆ. 2022ರಲ್ಲಿ ನಾಯಕನ ಜೊತೆ ಜಗಳವಾಗಿ ಬಟ್ಲರ್, ಮರ್ರೆಯ ಹೆಲೆನ್ ಡಾಲ್ಟನ್, ಆರೆಂಜ್ ಕ್ಷೇತ್ರದ ಫಿಲಿಪ್ ಡೊನಾಟೊ ಮೂವರೂ ಪಕ್ಷ ಬಿಟ್ಟರು. 2023ರಲ್ಲಿ ಮೂವರೂ ಪಕ್ಷೇತರರಾಗಿ ನಿಂತರು, ಮೂವರೂ ಗೆದ್ದರು. ಆ ಮತದಾನಕ್ಕೆ ಸುಮಾರು ಒಂದು ವಾರ ಮೊದಲು ಮೆನಿಂಡಿಯಲ್ಲಿ ಮತ್ತೆ ಮೀನು ಸತ್ತವು. ಈ ಸಲ ಕೋಟಿ ಲೆಕ್ಕದಲ್ಲಿ.

ಮುಂದಿನ ಚುನಾವಣೆ 2027ರ ಮಾರ್ಚ್‌ನಲ್ಲಿ. ಸೀಟು ವಾಪಸ್ ಪಡೆಯಲು ನ್ಯಾಷನಲ್ಸ್‌ಗೆ ಒಂದು ದಾರಿ ಇದೆ. ಈ ರಾಜ್ಯದಲ್ಲಿ ಮತಪತ್ರದ ಮೇಲೆ ಸುಮ್ನೆ 1 ಅಂತ ಬರೆದರೂ ಸಾಕು. ಮೊದಲ ಆಯ್ಕೆಯವರು ಎಣಿಕೆಯಲ್ಲಿ ಹೊರಬಿದ್ದರೆ ಮತ ಯಾರಿಗೆ ಹೋಗಬೇಕು ಅಂತ 2, 3 ಎಂದು ಮುಂದಿನ ಆಯ್ಕೆ ಬರೆಯಲೇಬೇಕು ಅಂತಿಲ್ಲ. ಹಾಗಾಗಿ ವಿರೋಧಿ ಮತಗಳು ಲೇಬರ್, ಶೂಟರ್ಸ್, ಪಕ್ಷೇತರ ಅಂತ ಚದುರಿದರೆ, ಅವು ಮತ್ತೆ ಒಂದೆಡೆ ಸೇರುವ ಖಾತ್ರಿ ಇಲ್ಲ. ಬ್ರೋಕನ್ ಹಿಲ್ ಹಳೇ ಕಾರ್ಮಿಕ ಸಂಘಗಳ ಊರು. ಅಲ್ಲಿ ಲೇಬರ್‌ಗೆ ಇನ್ನೂ ಮತವಿದೆ, ಕ್ಷೇತ್ರ ಗೆಲ್ಲುವಷ್ಟಲ್ಲ. ಪಕ್ಷೇತರರ ಕಷ್ಟ ಬೇರೆ. ಅವರಿಗೆ ಸಿಕ್ಕಿದ್ದು ಮುಖ ನೋಡಿ ಹಾಕಿದ ಮತ. ಆ ಮುಖ ಇಲ್ಲವಾದ ದಿನ ಮತ ಎಲ್ಲಿಗೆ ಹೋಗುತ್ತದೆ ಅಂತ 69 ವರ್ಷ ಗೆದ್ದ ಪಕ್ಷಕ್ಕೂ ಈಗ ಗೊತ್ತಿಲ್ಲ.

ಅದಾದ ಮೇಲೆ ಮತ್ತೆ ಗಡಿ ಅಳೆಯುವ ಸರದಿ. ಎರಡು ಚುನಾವಣೆಗೊಮ್ಮೆ ಅಲ್ಲಿ ಅದು ಆಗಲೇಬೇಕು. ಬಾರ್ವನ್‌ನ ಪಶ್ಚಿಮಕ್ಕೆ ಸೌತ್ ಆಸ್ಟ್ರೇಲಿಯಾ, ಉತ್ತರಕ್ಕೆ ಕ್ವೀನ್ಸ್‌ಲ್ಯಾಂಡ್. ಆ ಕಡೆ ಇನ್ನು ಹಿಗ್ಗಲು ಜಾಗವಿಲ್ಲ. ಮತದಾರರು ಮತ್ತೆ ಕಮ್ಮಿಯಾದರೆ ಪೂರ್ವಕ್ಕೋ ದಕ್ಷಿಣಕ್ಕೋ ಹೋಗಿ ಇನ್ನೊಬ್ಬ ಶಾಸಕರ ಊರುಗಳನ್ನೇ ಎಳೆದುಕೊಳ್ಳಬೇಕು.