ಮಾಳಿಗೆ ಸೋರಿದಾಗ ಮೊದಲು ನೋಡಬೇಕಾದದ್ದು ತೊಲೆಯ ತುದಿ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಹಳೆಯ ಮಾಳಿಗೆ ಮನೆಗಳ (ಮರದ ಮೇಲೆ ಮಣ್ಣು ಹಾಸಿದ ಸಮತಟ್ಟು ಚಾವಣಿಯ ಮನೆಗಳ) ದುರಸ್ತಿಗೆ ಹೋದಾಗ ಮನೆಯವರು ಮೊದಲು ತೋರಿಸುವುದು ನಡುಮನೆಯಲ್ಲಿ ಹನಿ ಬೀಳುವ ಜಾಗವನ್ನು. ಆದರೆ ಮಾಳಿಗೆಯ ಮೇಲೆ ಬಿದ್ದ ನೀರು ಮಣ್ಣಿನ ಬಿರುಕಿನಲ್ಲಿ ಇಳಿದು, ಹಲಗೆಯ ಮೇಲೆ ಹರಿದು, ಜಂತಿಯ (ಹಲಗೆಯನ್ನು ಹೊತ್ತ ಅಡ್ಡಮರದ) ಗುಂಟ ಸಾಗಿ ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತದೆ. ಅದು ಒಳಹೊಕ್ಕ ಜಾಗ ಸಾಮಾನ್ಯವಾಗಿ ಕುಂಬಿಯ (ಮಾಳಿಗೆಯ ಅಂಚಿನ ಗಿಡ್ಡ ಗೋಡೆಯ) ಬುಡ, ಗವಾಕ್ಷಿಯ (ಬೆಳಕಿಂಡಿಯ) ಅಂಚು ಅಥವಾ ಹರನಾಳಿಗೆಯ (ಮಳೆನೀರು ಹೊರಹೋಗುವ ಕೊಳವೆಯ) ಬಾಯಿ. ಆದ್ದರಿಂದ ಮಳೆ ಸುರಿಯುತ್ತಿರುವಾಗಲೇ ಅಟ್ಟ ಹತ್ತಿ, ತೇವದ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿ ಪಕ್ಕದಲ್ಲಿ ತಾರೀಖು ಬರೆದಿಡಬೇಕು. ಬೇಸಿಗೆಯಲ್ಲಿ ಕೆಲಸಗಾರರು ಬರುವ ಹೊತ್ತಿಗೆ ಎಲ್ಲವೂ ಒಣಗಿ, ಯಾವ ಕಲೆ ಹೊಸದು, ಯಾವುದು ಹಳೆಯದು ಎಂದು ಹೇಳುವುದೇ ಕಷ್ಟವಾಗುತ್ತದೆ.

ಈ ಭಾಗದ ಮಾಳಿಗೆಗೆ ಸವುಳು ಮಣ್ಣು (ಕ್ಷಾರದ ಮಣ್ಣು) ಹಾಕುವ ರೂಢಿಗೆ ಗಟ್ಟಿಯಾದ ಕಾರಣವಿದೆ. ಅದರಲ್ಲಿರುವ ಸೋಡಿಯಂನಿಂದಾಗಿ ಜೇಡಿಯ ಸೂಕ್ಷ್ಮ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚುತ್ತವೆ. ಹಾಗಾಗಿ ಮೇಲ್ಪದರ ನೆನೆದರೂ ನೀರು ಕೆಳಗೆ ಇಳಿಯುವುದಿಲ್ಲ. ತೊಂದರೆ ಆರಂಭವಾಗುವುದು ಸೋರಿದಾಗಲೆಲ್ಲ ಹಳೆಯ ಮಣ್ಣನ್ನು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣು ಹಾಕುತ್ತಾ ಹೋದಾಗ. ನೆನೆದ ಮಣ್ಣಿನ 15 ಸೆಂಟಿಮೀಟರ್ ದಪ್ಪದ ಪದರ ಒಂದು ಚದರ ಮೀಟರಿಗೆ ಸುಮಾರು 270ರಿಂದ 300 ಕಿಲೋ ತೂಗುತ್ತದೆ; ದಪ್ಪ ಎರಡರಷ್ಟಾದರೆ ಭಾರವೂ ಎರಡರಷ್ಟು. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆಯಲ್ಲಿ ಈ ಸೀಮೆಯ ಎಷ್ಟೋ ಮಣ್ಣಿನ ಮನೆಗಳು ಕುಸಿದದ್ದನ್ನು ಇಲ್ಲಿನವರು ಮರೆತಿಲ್ಲ. ಒಳಗೆ ಮಲಗುವವರ ಜೀವದ ಪ್ರಶ್ನೆ ಇದಾದ್ದರಿಂದ, ಸೋರುವ ಮಾಳಿಗೆಗೆ ಇನ್ನೊಂದು ಪದರ ಮಣ್ಣು ಹಾಕುವ ಮೊದಲು ಕೆಳಗಿನ ಮರದ ಸ್ಥಿತಿ ತಿಳಿಯಲೇಬೇಕು ಎಂದು ನಾನು ಒತ್ತಾಯಿಸುತ್ತೇನೆ.

ಮರ ನೀರಿನಿಂದಲೇ ಕೊಳೆಯುವುದಿಲ್ಲ. ತೇವದಲ್ಲಿ ಬೆಳೆಯುವ ಶಿಲೀಂಧ್ರ ಅದನ್ನು ತಿನ್ನುತ್ತದೆ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇರುವವರೆಗೆ ಶಿಲೀಂಧ್ರ ಬೆಳೆಯಲಾರದು. ಜಂತಿಯ ನಡುಭಾಗಕ್ಕೆ ಗಾಳಿ ತಾಗುವುದರಿಂದ ಅದು ನೆನೆದರೂ ನಮ್ಮ ಬಿಸಿಲಿಗೆ ಬೇಗ ಆರುತ್ತದೆ. ಗೋಡೆಯೊಳಗೆ ಮಣ್ಣಿನಲ್ಲಿ ಹುದುಗಿದ ತುದಿಗೆ ಆ ಅವಕಾಶವಿಲ್ಲ, ಅಲ್ಲಿ ತಿಂಗಳುಗಟ್ಟಲೆ ತೇವ ನಿಲ್ಲುತ್ತದೆ. ಹೊರಗಿನಿಂದ ಬಣ್ಣ, ಮಸಿ ಎಲ್ಲ ಚೆನ್ನಾಗಿ ಕಂಡರೂ ಚೂಪಾದ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಬೇಕು. ಗಟ್ಟಿ ಮರದಲ್ಲಿ ಅದು ಇಳಿಯುವುದಿಲ್ಲ, ಇಳಿದರೂ ನಾರು ಉದ್ದಕ್ಕೆ ಸೀಳುತ್ತದೆ. ಕೊಳೆತ ಮರ ತುಂಡುತುಂಡಾಗಿ ಉದುರುತ್ತದೆ. ಕಂದು ಬಣ್ಣಕ್ಕೆ ತಿರುಗಿ ಚೌಕಚೌಕವಾಗಿ ಬಿರಿದಿದ್ದರೆ ಬಲ ಆಗಲೇ ಹೋಗಿದೆಯೆಂದು ತಿಳಿಯಬೇಕು. ತೇಗದ ತೊಲೆಯೆಂಬ ಧೈರ್ಯವೂ ಸಲ್ಲದು, ಏಕೆಂದರೆ ಬಾಳಿಕೆ ಬರುವುದು ಅದರ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಮಾತ್ರ. ಹೊರಗಿನ ಬಿಳಿ ಭಾಗ ಯಾವ ಮರದ್ದಾದರೂ ಕೊಳೆಯುತ್ತದೆ. ಗೋಡೆಯ ಮೇಲೆ ಗೆದ್ದಲಿನ ಮಣ್ಣುಗೆರೆ ಕಂಡರೆ ಅದು ನೆಲದವರೆಗೆ ಎಲ್ಲಿ ಇಳಿದಿದೆ ಎಂದು ಹುಡುಕಬೇಕು.

ದುರಸ್ತಿಯಲ್ಲಿ ಕ್ರಮ ತಪ್ಪಬಾರದು. ಮೊದಲು ತೊಲೆಗೆ ಕೆಳಗಿನಿಂದ ಆಸರೆ ಕೊಡಬೇಕು, ಅನಂತರವೇ ಮೇಲಿನ ಮಣ್ಣನ್ನು ಎರಡೂ ಕಡೆಯಿಂದ ಸಮನಾಗಿ ಇಳಿಸಬೇಕು. ಕೊಳೆತ ತುದಿಯನ್ನು, ಕಣ್ಣಿಗೆ ಕಾಣುವ ಹಾಳಿನಿಂದ ಕನಿಷ್ಠ 30 ಸೆಂಟಿಮೀಟರ್ ಆಚೆ, ಗಟ್ಟಿ ಮರ ಸಿಗುವಲ್ಲಿ ಕತ್ತರಿಸಿ, ಒಣಗಿದ ಹೊಸ ತುಂಡನ್ನು ಕಬ್ಬಿಣದ ಪಟ್ಟಿ, ಬೋಲ್ಟುಗಳಿಂದ ಜೋಡಿಸಬಹುದು. ಪಟ್ಟಿಯ ಅಳತೆಯನ್ನು ಎಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು. ಹೊಸ ತುದಿ ಚಪ್ಪಟೆ ಕಲ್ಲಿನ ಮೇಲೆ ಕೂರಲಿ, ಸುತ್ತ ಎರಡು ಬೆರಳಿನಷ್ಟು ಸಂದು ಇರಲಿ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಶಿಲೀಂಧ್ರವನ್ನೂ ಹುಳುವನ್ನೂ ತಡೆಯುತ್ತದೆ, ಆದರೆ ನೀರಿನಲ್ಲಿ ಕರಗಿ ಹೋಗುವುದರಿಂದ ಸೋರಿಕೆ ನಿಲ್ಲಿಸದೆ ಬಳಿದರೆ ಪ್ರಯೋಜನವಿಲ್ಲ.

ಮರ ಪೂರ್ತಿ ಆರಿದ ಮೇಲೆ ಮಣ್ಣನ್ನು ತೆಳುವಾಗಿ, ಹರನಾಳಿಗೆಯ ಕಡೆಗೆ ಹತ್ತು ಅಡಿಗೆ ಮೂರು ಇಂಚಿನಷ್ಟು ಇಳಿಜಾರು ಕೊಟ್ಟು ಹಾಕಬೇಕು. ಇದರ ಬದಲು ಸಿಮೆಂಟ್ ಕಾಂಕ್ರೀಟ್ ಸುರಿಯುವವರು ಈಗ ಹೆಚ್ಚಾಗಿದ್ದಾರೆ; ಭಾರ ಹೊತ್ತ ಮರ ಬಾಗಿದಂತೆ ಆ ಬಿಗಿಯಾದ ಪದರ ಬಿರಿಯುತ್ತದೆ, ಬಿರುಕಿನಿಂದ ಇಳಿದ ನೀರು ಮೇಲಕ್ಕೆ ಆವಿಯಾಗಲಾರದೆ ಹಲಗೆಯ ಮೇಲೆಯೇ ನಿಲ್ಲುತ್ತದೆ.