ಪದ ಪರಿಚಯ: ವೃಷಣದ ಸ್ವಯಂ ತಪಾಸಣೆ

‘ವೃಷಣ’ ಸಂಸ್ಕೃತದಿಂದ ಬಂದ ಪದ, ‘ವೃಷಭ’ದ ಒಡಹುಟ್ಟು. ಆಡುಮಾತಿನಲ್ಲಿ ಬೀಜ, ತರಡು. ಹಾವೇರಿ ಸೀಮೆಯಲ್ಲಿ ಹೋರಿ ಕೊಳ್ಳುವವರು ಹಲ್ಲು, ಸುಳಿ, ಗೊರಸುಗಳ ಜೊತೆಗೆ ಬೀಜದ ಮಾತನ್ನೂ ಸಂತೆಯ ನಡುವೆಯೇ ಸಂಕೋಚವಿಲ್ಲದೆ ಆಡುತ್ತಾರೆ. ಅದೇ ಪದ ತಮ್ಮ ಮೈಗೆ ಬಂದಾಗ ನಾಲಗೆ ಕಟ್ಟುತ್ತದೆ. ಅಲ್ಲೊಂದು ಗಂಟು ಕಂಡರೂ ಹೆಂಡತಿಗೂ ಹೇಳದೆ, ಅಣ್ಣನಿಗೂ ಹೇಳದೆ ತಿಂಗಳುಗಳು ಕಳೆದುಹೋಗುತ್ತವೆ. ಈ ಪದವನ್ನು ಇಲ್ಲಿ ಎತ್ತಿಕೊಳ್ಳಲು ಆ ಮೌನವೇ ಕಾರಣ.

‘ತಪಾಸಣೆ’ ಎಂದೊಡನೆ ಚೆಕ್‌ಪೋಸ್ಟ್ ನೆನಪಾಗುತ್ತದೆ. ಇಲ್ಲಿ ಅದರ ಅರ್ಥ ಪರಿಚಯ ಮಾತ್ರ: ವೃಷಣದ ಕ್ಯಾನ್ಸರ್ ಬಂದರೆ ಬೇಗ ಗೊತ್ತಾಗಲೆಂದು ತನ್ನ ಮೈಯನ್ನು ತಾನೇ ಅರಿಯುವುದು. ಬಿಸಿನೀರಿನ ಸ್ನಾನ ಮಾಡಿದಾಗ ಚೀಲದ ಚರ್ಮ ಸಡಿಲಗೊಂಡಿರುತ್ತದೆ. ಆಗ ಒಂದೊಂದೇ ವೃಷಣವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಮೆಲ್ಲನೆ ಉರುಳಿಸಿ ನೋಡಬೇಕು. ಸುಲಿದ ಬೇಯಿಸಿದ ಮೊಟ್ಟೆಯಂತೆ ನುಣುಪಾಗಿದ್ದರೆ ಸರಿ. ಒಂದು ತುಸು ದೊಡ್ಡದಾಗಿರುವುದು, ಒಂದು ಕೆಳಗೆ ಜೋಲುವುದು ಸಹಜ. ಹಿಂಬದಿಯಲ್ಲಿ ಕೈಗೆ ಸಿಗುವ ಮೆತ್ತಗಿನ ಸುರುಳಿ ವೀರ್ಯಾಣುಗಳ ನಾಳ; ಅದನ್ನು ಗಂಟೆಂದು ತಿಳಿದು ಹೆದರಿದವರು ಅನೇಕರು. ವೃಷಣಕ್ಕೇ ಅಂಟಿಕೊಂಡ, ಜೋಳದ ಕಾಳಿನಷ್ಟೇ ಆದರೂ ಗಟ್ಟಿಯಾದ ಗಂಟು, ಹೊಸದಾಗಿ ಬಂದ ಊತ ಅಥವಾ ಭಾರ ಕಂಡರೆ ವೈದ್ಯರಿಗೆ ತೋರಿಸಬೇಕು. ಈ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿರುವುದೇ ದೊಡ್ಡ ಅಪಾಯ. ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ವೃಷಣ ತಿರುಚಿಕೊಂಡಿರಬಹುದು. ಅದು ಬೇರೆಯೇ ತೊಂದರೆ, ಕೂಡಲೇ ಆಸ್ಪತ್ರೆ ಸೇರಬೇಕು.

ಇದನ್ನು ಪ್ರತಿ ತಿಂಗಳೂ ತಪ್ಪದೆ ಮಾಡಬೇಕೇ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಭಾರತದಲ್ಲಿ ಈ ಕ್ಯಾನ್ಸರ್ ಅಪರೂಪ, ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗಿಂತ ಕಡಿಮೆ. ಆದರೂ ನಾನು ಮಾಡಿ ಎಂದೇ ಹೇಳುತ್ತೇನೆ. ಏಕೆಂದರೆ ಇದು ಬಹುಪಾಲು 15ರಿಂದ 40ರ ವಯಸ್ಸಿನಲ್ಲಿ, ದುಡಿಯುವ ಹುಡುಗರಿಗೆ ಬರುತ್ತದೆ. ಬೇಗ ಸಿಕ್ಕರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಯುವರಾಜ್ ಸಿಂಗ್ ಅವರ ಎದೆಗೂಡಿನಲ್ಲಿದ್ದ ಗಡ್ಡೆ ಇದೇ ಕುಲದ ಜೀವಕೋಶಗಳದ್ದು. 2012ರಲ್ಲಿ ಕೀಮೋಥೆರಪಿ ಮುಗಿಸಿದ ಅವರು ಅದೇ ವರ್ಷ ಮತ್ತೆ ಭಾರತಕ್ಕಾಗಿ ಆಡಿದರು. ಒಂದು ವೃಷಣ ತೆಗೆದರೂ ಇನ್ನೊಂದು ಆರೋಗ್ಯವಾಗಿದ್ದರೆ ಗಂಡಸುತನಕ್ಕೆ ಕುಂದಿಲ್ಲ, ಸಾಮಾನ್ಯವಾಗಿ ಮಕ್ಕಳೂ ಆಗುತ್ತವೆ.

ನಮ್ಮ ಮನೆಗಳಲ್ಲಿ ಮೊದಲ ತಪಾಸಣೆ ಮಾಡುವವಳು ಕೂಸಿಗೆ ಎರೆಯುವ ಅಜ್ಜಿ. ಗಂಡು ಕೂಸಿನ ಒಂದು ಬೀಜ ಚೀಲಕ್ಕೆ ಇಳಿದಿಲ್ಲವೆಂದು ಅವಳಿಗೆ ತಿಳಿದರೆ, ಆರು ತಿಂಗಳಾದರೂ ಇಳಿಯದಿದ್ದರೆ, ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಹಾಗೆ ಉಳಿದ ಬೀಜದಲ್ಲಿ ಮುಂದೆ ಕ್ಯಾನ್ಸರ್ ಬರುವ ಸಂಭವ ಹೆಚ್ಚು.

ಗಂಟು ಕಂಡವರು ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ (ಹಿಂದಿನ ಹೆಸರು ಕಿಮ್ಸ್) ಹೋಗಬಹುದು, ಗದಗಿನವರಿಗೆ ಅಲ್ಲಿಯದೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮೊದಲು ಸ್ಕ್ಯಾನಿಂಗ್, ರಕ್ತಪರೀಕ್ಷೆ. ಚೀಟಿ ಮಾಡಿಸುವಾಗ ‘ಹೊಟ್ಟೆನೋವು’ ಎಂದು ಬರೆಸಬೇಡಿ. ‘ಬೀಜದಲ್ಲಿ ಗಂಟಾಗಿದೆ’ ಎನ್ನಿ. ಯಾವ ಕೋಣೆಗೆ ಕಳಿಸಬೇಕೆಂದು ಅವರಿಗೆ ತಿಳಿಯುತ್ತದೆ.