‘ನನಗೇನೂ ಆಗಿಲ್ಲ’ ಅನ್ನೋದು ಹಠವಾ, ಪೆಟ್ಟಿನ ಪರಿಣಾಮವಾ?

ಪ್ರಶ್ನೆ: ಬೈಕಿನಿಂದ ಬಿದ್ದು ನಮ್ಮ ಯಜಮಾನರ ತಲೆಗೆ ಜೋರು ಪೆಟ್ಟಾಗಿತ್ತು. ಈಗ ಮನೆಗೆ ಬಂದಿದ್ದಾರೆ. ಹೇಳಿದ್ದು ಮರೆಯುತ್ತಾರೆ, ಸಣ್ಣದಕ್ಕೂ ರೇಗುತ್ತಾರೆ. ಕೇಳಿದರೆ ‘ನನಗೇನೂ ಆಗಿಲ್ಲ, ಬೈಕ್ ಕೀ ಕೊಡು’ ಅಂತಾರೆ. ಇದು ಹಠವಾ?

ಹಠ ಅಂತ ತೀರ್ಮಾನ ಮಾಡಬೇಡಿ. ನಮ್ಮಿಂದ ಏನಾಗುತ್ತೆ, ಏನಾಗಲ್ಲ ಅಂತ ಅಳೆಯುವುದೂ ಮೆದುಳಿನದೇ ಕೆಲಸ. ಹಣೆಯ ಹಿಂದಿರುವ ಫ್ರಾಂಟಲ್ ಲೋಬ್‌ಗೆ ಇದರಲ್ಲಿ ದೊಡ್ಡ ಪಾಲಿದೆ, ಅಪಘಾತದಲ್ಲಿ ಆಗಾಗ ಪೆಟ್ಟು ತಿನ್ನುವುದೂ ಅದೇ. ಹಾಗಾಗಿ ಮರೆವು ಬಂದಿರುವುದೂ ನಿಜ, ಅದು ಅವರಿಗೆ ಗೊತ್ತಾಗದಿರುವುದೂ ನಿಜ. 1914ರಲ್ಲೇ ಫ್ರಾನ್ಸಿನ ವೈದ್ಯ ಜೋಸೆಫ್ ಬಬಿನ್ಸ್ಕಿ, ಎಡಗೈ ಎಡಗಾಲು ಸ್ವಾಧೀನ ತಪ್ಪಿದ್ದರೂ ಅದರ ಪರಿವೇ ಇಲ್ಲದ ರೋಗಿಗಳನ್ನು ನೋಡಿ ಇದಕ್ಕೆ ಅನೊಸೊಗ್ನೋಸಿಯಾ ಅಂತ ಹೆಸರಿಟ್ಟರು. ತಲೆಗೆ ಪೆಟ್ಟಾದವರಿಗೆ ಸಾಮಾನ್ಯವಾಗಿ ಕಾಲು ಎಳೆಯುವುದು ತಿಳಿಯುತ್ತದೆ. ಮರೆವು, ಸಿಟ್ಟು, ದುಡುಕು ಅಷ್ಟು ಸುಲಭಕ್ಕೆ ತಿಳಿಯುವುದಿಲ್ಲ. ಇನ್ನು ಕೆಲವರಿಗೆ ಒಳಗೊಳಗೇ ಗೊತ್ತಿರುತ್ತದೆ, ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಎರಡೂ ಬೆರೆತಿರಬಹುದು, ಅದಕ್ಕೇ ಪರೀಕ್ಷೆ ಬೇಕು.

ಪುನಶ್ಚೇತನ ಕೇಂದ್ರದಲ್ಲಿ ನ್ಯೂರೋಸೈಕಾಲಜಿಸ್ಟ್ (ಮೆದುಳಿಗೂ ನೆನಪು, ನಡವಳಿಕೆಗೂ ಇರುವ ನಂಟು ಪರೀಕ್ಷಿಸುವವರು) ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮತ್ತೆ ರೂಢಿ ಮಾಡಿಸುವವರು) ಈ ಪರೀಕ್ಷೆ ಮಾಡುತ್ತಾರೆ. ‘ಪೇಷಂಟ್ ಕಾಂಪಿಟೆನ್ಸಿ ರೇಟಿಂಗ್ ಸ್ಕೇಲ್’ ಅಂತ ಒಂದಿದೆ. ಅದರಲ್ಲಿ 30 ಪ್ರಶ್ನೆ. ದುಡ್ಡು ನಿಭಾಯಿಸುವುದು, ಅಡುಗೆ, ಗಾಡಿ ಓಡಿಸುವುದು, ಸಿಟ್ಟು ತಡೆಯುವುದು ಎಷ್ಟು ಸುಲಭ ಅಂತ ಅವರೂ 1ರಿಂದ 5ರವರೆಗೆ ಅಂಕ ಕೊಡಬೇಕು, ಅವರ ಬಗ್ಗೆ ನೀವೂ ಕೊಡಬೇಕು. ಎರಡರ ನಡುವಿನ ಅಂತರ ನೋಡುತ್ತಾರೆ. ‘ಸ್ಯಾಡಿ’ (ಸೆಲ್ಫ್ ಅವೇರ್‌ನೆಸ್ ಆಫ್ ಡೆಫಿಸಿಟ್ಸ್ ಇಂಟರ್‌ವ್ಯೂ, ಅಂದರೆ ತನ್ನ ಕೊರತೆಯ ಅರಿವು ಅಳೆಯುವುದು) ಅನ್ನುವ ಸಂದರ್ಶನದಲ್ಲಿ ಏನು ಬದಲಾಗಿದೆ, ಅದರಿಂದ ದಿನನಿತ್ಯ ಏನು ತೊಂದರೆ, ಮುಂದಿನ ಗುರಿ ಏನು ಅಂತ ಮಾತಾಡಿಸಿ ಒಂದೊಂದಕ್ಕೂ 0ಯಿಂದ 3 ಅಂಕ ಹಾಕುತ್ತಾರೆ. ಈ ಸಂದರ್ಶನದಲ್ಲಿ ಅಂಕ ಜಾಸ್ತಿಯಾದಷ್ಟೂ ಅರಿವು ಕಡಿಮೆ.

ಮನೆಯವರು ಹೇಳಿದ್ದೇ ಪೂರ್ತಿ ಸರಿ ಅಂತಲೂ ಅಲ್ಲ, ನೋಡಿಕೊಂಡು ದಣಿದವರಿಗೆ ತಪ್ಪೇ ಎದ್ದು ಕಾಣಬಹುದು. ನಮ್ಮ ಕಡೆ ಇನ್ನೊಂದು ತೊಡಕಿದೆ: ಎಂದೂ ಒಲೆ ಹಚ್ಚದ ಗಂಡಸಿಗೆ ಅಡುಗೆ ಬಗ್ಗೆ ಕೇಳಿ ಏನು ತಿಳಿಯುತ್ತೆ? ಮಾತ್ರೆಯಿಂದ ಟವೆಲ್ಲಿನವರೆಗೆ ಎಲ್ಲ ಕೈಗೇ ಕೊಡುತ್ತಿದ್ದರೆ, ತನ್ನಿಂದ ಏನಾಗಲ್ಲ ಅಂತ ಅವರಿಗಾದರೂ ಹೇಗೆ ಗೊತ್ತಾಗಬೇಕು? ಅದಕ್ಕೇ ನಿಜವಾದ ಕೆಲಸ ಕೊಟ್ಟು ನೋಡುವುದು ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ‘ಚೀಟಿ ಇಲ್ಲದೆ ಅಂಗಡಿಯಿಂದ ಎಷ್ಟು ಸಾಮಾನು ತರ್ತೀರಿ?’ ಅಂತ ಮೊದಲು ಅವರನ್ನೇ ಕೇಳಿ, ಜೊತೆಯಲ್ಲಿ ಹೋಗಿ, ಬಂದ ಮೇಲೆ ಇಬ್ಬರೂ ಸಮಾಧಾನವಾಗಿ ಲೆಕ್ಕ ಹಾಕುವುದು. ಥೆರಪಿಯಲ್ಲೂ ಹೀಗೇ ಮಾಡಿಸುತ್ತಾರೆ. ಸುಮ್ನೆ ವಾದ ಮಾಡಿದರೆ ಸಿಟ್ಟು ಬೆಳೆಯುತ್ತೆ, ಅರಿವು ಬೆಳೆಯಲ್ಲ.

ಬೈಕ್ ಕೀ ಮಾತ್ರ ಡಾಕ್ಟರು ನೋಡಿ ಹೇಳುವವರೆಗೆ ಕೊಡಬೇಡಿ. ಇನ್ನೊಂದು ವಿಷಯ: ಅರಿವು ಬರತೊಡಗಿದಾಗ ಕೆಲವರು ತೀರಾ ಕುಗ್ಗಿ ಹೋಗುತ್ತಾರೆ. ಊಟ ಬಿಟ್ಟರೆ, ಮಾತು ಕಡಿಮೆಯಾದರೆ, ‘ಯಾಕೆ ಬದುಕಿದೆ’ ಅಂತ ಅಂದರೆ ತಡಮಾಡದೆ ಡಾಕ್ಟರಿಗೆ ತಿಳಿಸಿ.